ಫ್ಯಾನಮ್ಮನ ವಂಶ, ನಮ್ಮ ಹೆಳವ

ನಮ್ಮ ಮನೆತನದ ಪುಸ್ತಕದಲ್ಲಿ ನಾನು ಇರಲಿಲ್ಲ. ಹರಪನಹಳ್ಳಿಯ ಅದೇ ಮನೆಯಲ್ಲಿ ಬೆಳೆದು, ಅಲ್ಲೇ ಉಂಡು, ಅಲ್ಲೇ ಜಗಳವಾಡಿ, ಮಾಳಿಗೆ ಸೋರಿದಾಗಲೆಲ್ಲ ಮೇಲೆ ಹತ್ತಿ ಮಣ್ಣು ಹಾಕಿಸಿದವಳು ನಾನು. ಮದುವೆಯಾಗಲಿಲ್ಲ, ಮನೆ ಬಿಟ್ಟು ಹೋಗಲೂ ಇಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ, ಯಾವ ರಾಜನ ಹಿಂದೆ ಯಾವ ರಾಜ ಬಂದ ಎಂದು ಹುಡುಗಿಯರ ತಲೆ ತಿಂದು ನಿವೃತ್ತಳಾದೆ. ಆದರೂ ನಮ್ಮ ಹೆಳವನ ಪ್ರಕಾರ ನಾನು ಹುಟ್ಟಿಯೇ ಇರಲಿಲ್ಲ.

ಹೆಳವರು ನಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವವರು. ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಹೆಳವ. ನಮ್ಮವನು ಆರೇಳು ವರ್ಷಕ್ಕೊಮ್ಮೆ ಬೆಳಗಾವಿ ಸೀಮೆಯಿಂದ ಬರುತ್ತಾನೆ. ಅವನ ಅಪ್ಪ ಗಂಟೆ ಕಟ್ಟಿದ ಎತ್ತಿನ ಮೇಲೆ ಬರುತ್ತಿದ್ದ. ಇವನು ಲಗೇಜ್ ಆಟೋದಲ್ಲಿ ಬರುತ್ತಾನೆ, ಎತ್ತಿನ ಗಂಟೆಯನ್ನು ಆಟೋದ ಕನ್ನಡಿಗೆ ಕಟ್ಟಿಕೊಂಡಿದ್ದಾನೆ. ಬಂದವನು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಮೂಲಪುರುಷನಿಂದ ಹಿಡಿದು ರಾಗವಾಗಿ ಓದುತ್ತಾನೆ. ಅವನ ಪುಸ್ತಕದಲ್ಲಿ ನಾವು ಪಾಳೇಗಾರರ ಕಾಲದ ಕುದುರೆ ಸರದಾರರು. ಅಪ್ಪ ಬದುಕಿದ್ದಾಗ ಇದನ್ನು ಕೇಳಿ ಮೀಸೆಯೊಳಗೇ ನಗುತ್ತಿದ್ದ. "ಕುದುರಿ ಹತ್ತಿದೋರಲ್ಲವಾ ನಾವು, ಕುದುರಿಗೆ ಹುಲ್ಲು ಹಾಕಿದೋರು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಆ ಪುಸ್ತಕದಲ್ಲಿ ಗಂಡಸರಿದ್ದಾರೆ, ಅವರ ಹೆಂಡಿರಿದ್ದಾರೆ, ಗಂಡುಮಕ್ಕಳಿದ್ದಾರೆ. ಹೆಣ್ಣುಮಕ್ಕಳನ್ನು ಬರೆಯುವುದಿಲ್ಲ. ಹೆಣ್ಣು ಕೊಟ್ಟ ಮನೆಗೆ ಹೋಗುತ್ತದೆ, ಅಲ್ಲಿಯ ಹೆಳವ ಬರೆದುಕೊಳ್ಳುತ್ತಾನೆ ಎಂಬ ಲೆಕ್ಕ. ಹಾಗಾಗಿ ಕೊಟ್ಟೂರಿನಿಂದ ಬಂದ ಅವ್ವ ಅದರಲ್ಲಿದ್ದಾಳೆ, ಹಡಗಲಿಯಲ್ಲಿ ನೌಕರಿ ಮಾಡುವ ತಮ್ಮ ಇದ್ದಾನೆ, ಎಲ್ಲಿಗೂ ಹೋಗದ ನಾನಿಲ್ಲ. ಸಣ್ಣವಳಿದ್ದಾಗ ಇದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಬಿಟ್ಟುಕೊಟ್ಟೆ ಎಂದುಕೊಂಡಿದ್ದೆ.

ಆಗ ಗಮನಿಸಿದ್ದು ಒಂದಿದೆ. ಹೆಳವ ಓದುತ್ತ ಓದುತ್ತ ಅಪ್ಪನ ಹೆಸರಿಗೆ ಬಂದ ಕೂಡಲೇ ಅವ್ವ ಒಲೆಯ ಮುಂದಿನಿಂದೆದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದಳು. ತಮ್ಮನ ಹೆಸರು ಮುಗಿದ ಮೇಲೆ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಮಗನ ಹೆಸರು ಕೇಳುವ ಹೆಚ್ಚುಗಾರಿಕೆ ಇವಳಿಗೆ ಎಂದು ನಾನು ಮೂತಿ ತಿರುವುತ್ತಿದ್ದೆ.

ಹೋದ ವರ್ಷ ನಮ್ಮ ಮನೆಯ ಮೇಲಿನ ಕೋಣೆಗೆ ಒಬ್ಬ ಜರ್ಮನ್ ಹೆಂಗಸು ಬಾಡಿಗೆಗೆ ಬಂದಳು. ಹಡಗಲಿ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳಿವೆಯಲ್ಲ, ಅವುಗಳ ರೆಕ್ಕೆ ಪರೀಕ್ಷೆ ಮಾಡುವ ಎಂಜಿನಿಯರು. ನಲವತ್ತು ದಾಟಿದವಳು, ನನಗಿಂತ ಒಂದು ಮೊಳ ಎತ್ತರ. ಆ ಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎಂದೇ ಹೆಸರು. ಇವಳ ಹೆಸರಿನ ನಡುವೆ ಫಾನ್ ಎಂಬ ತುಣುಕೊಂದಿತ್ತು. ಬಂದ ಮೊದಲ ವಾರ ಕೊರಿಯರ್‌ನವನು ಬಾಗಿಲಲ್ಲಿ ನಿಂತು ಆ ಹೆಸರನ್ನು ತೊದಲುತ್ತ ಓದಿದ. ಅವ್ವನಿಗೆ ಕೇಳಿಸಿದ್ದು ಅದೊಂದೇ ತುಣುಕು.

"ಫ್ಯಾನ್ ಅಂತ ನೋಡು," ಅವ್ವ ನನಗೆ ತಿಳಿಸಿ ಹೇಳಿದಳು. "ಇವರದು ಮನಿತನದ ಕಸುಬ ಅದು. ನಮ್ಮಾಗ ಕಮ್ಮಾರರು, ಗಾಣಿಗೇರು ಇಲ್ಲೇನು? ಹಂಗ ಇವರು ಫ್ಯಾನಿನೋರು."

ಹಾಗಲ್ಲ, ಫಾನ್ ಎಂದರೆ ಇಂಥ ಊರಿನವರು ಎಂದರ್ಥ, ಅಲ್ಲಿ ಹಳೆಯ ದೊಡ್ಡ ಮನೆತನದವರು ಮಾತ್ರ ಇಟ್ಟುಕೊಳ್ಳುತ್ತಾರೆ ಎಂದು ನಾನು ಇತಿಹಾಸದ ಟೀಚರಮ್ಮನ ಗತ್ತಿನಲ್ಲಿ ತಿದ್ದಿದೆ. ಯಾರು ಕೇಳುತ್ತಾರೆ? ಸಂಜೆಯೊಳಗೆ ಓಣಿಗೆಲ್ಲ ಅವಳು ಫ್ಯಾನಮ್ಮ ಆದಳು. ಅವಳಿಗೂ ಅದು ಬಲು ಇಷ್ಟವಾಯಿತು. ಯಾರಾದರೂ ಹೆಸರು ಕೇಳಿದರೆ ಎದೆ ಮುಟ್ಟಿಕೊಂಡು "ಫ್ಯಾನಮ್ಮರೀ" ಎನ್ನುತ್ತಿದ್ದಳು.

ಅವಳೂ ಅವ್ವನೂ ಹೇಗೆ ಅಷ್ಟು ಹಚ್ಚಿಕೊಂಡರೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವ್ವನಿಗೆ ಎಂಬತ್ತೆರಡು, ನಾಲ್ಕನೆಯ ಇಯತ್ತೆಯ ಓದು, ಕನ್ನಡ ಬಿಟ್ಟು ಬೇರೇನೂ ಬಾರದು. ಫ್ಯಾನಮ್ಮನಿಗೆ ಬರುತ್ತಿದ್ದದ್ದು "ಬರ್ರಿ, ಕುಂದರ್ರಿ, ಸಾಕ್ರಿ" ಇಷ್ಟೇ. ಭಾನುವಾರ ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ ನಡುವೆ ಇಟ್ಟುಕೊಂಡು ಕೂರುತ್ತಿದ್ದರು. ಅವ್ವ ತನ್ನ ಮಂಡಿ ನೋವಿನ ಕಥೆಯನ್ನು ಕನ್ನಡದಲ್ಲಿ ಹೇಳುವುದು, ಅವಳು ತನ್ನ ಭಾಷೆಯಲ್ಲಿ ಅದಕ್ಕೆ ಏನೋ ಉತ್ತರ ಕೊಡುವುದು. ನಡುವೆ ನಾನು ಇಂಗ್ಲಿಷಿನಲ್ಲಿ ತರ್ಜುಮೆ ಮಾಡಲು ಹೋದರೆ ಇಬ್ಬರೂ ನನ್ನನ್ನು ಕಸಿವಿಸಿಯಿಂದ ನೋಡುತ್ತಿದ್ದರು.

ಅಂಥ ಒಂದು ಭಾನುವಾರ ಅವ್ವ ಕೇಳಿದಳು: "ಆಕೀ ಮೂಲ ಯಾವುದು ಕೇಳು. ಅವರಿಗೂ ಹೆಳವ ಬರ್ತಾನೇನು?"

ನಾನು ಕೇಳಿದೆ. ಫ್ಯಾನಮ್ಮ ನಕ್ಕು ಮೇಲೆ ಹೋಗಿ ತನ್ನ ಟ್ಯಾಬ್ ತಂದಳು. ಅವರ ದೊಡ್ಡಜ್ಜ ಒಬ್ಬ ಮನೆತನದ ಚರಿತ್ರೆಯನ್ನು ದಪ್ಪ ಪುಸ್ತಕವಾಗಿ ಅಚ್ಚು ಹಾಕಿಸಿದ್ದನಂತೆ. ಅದರ ಪುಟಗಳೆಲ್ಲ ಆ ಟ್ಯಾಬಿನಲ್ಲಿದ್ದವು. ಮೊದಲ ಪುಟದಲ್ಲಿ ಗುರಾಣಿಯ ಮೇಲೆ ಎರಡು ಗೋಧಿ ತೆನೆ, ಒಂದು ಸುತ್ತಿದ ಹಗ್ಗ. ಅವ್ವ ಕನ್ನಡಕ ಏರಿಸಿ ನೋಡಿ, "ಒಕ್ಕಲುತನದೋರು, ನಮ್ಮಂಗ," ಎಂದು ತೀರ್ಮಾನ ಕೊಟ್ಟಳು.

ಒಕ್ಕಲುತನದವರೇನಲ್ಲ. ಕುದುರೆ ಹತ್ತಿದವರೇ ಅವರು. ಜರ್ಮನಿಯೂ ಡೆನ್ಮಾರ್ಕೂ ಕೂಡುವ ಗಡಿಯಲ್ಲಿ, ಸಮುದ್ರದ ಹತ್ತಿರ, ಸುತ್ತ ನೀರಿನ ಕಂದಕ ಇದ್ದ ದೊಡ್ಡ ಮನೆ. ಮನೆಯ ಮಾತು ಜರ್ಮನ್, ಊಳಿಗ ಡೆನ್ಮಾರ್ಕಿನ ದೊರೆಯದು. ಒಂದು ತಲೆಮಾರಿನಲ್ಲಿ ಅಣ್ಣ ಡೆನ್ಮಾರ್ಕಿನ ದೊರೆಯ ಸೈನ್ಯದಲ್ಲಿ, ತಮ್ಮ ಎದುರು ಸೈನ್ಯದಲ್ಲಿ ನಿಂತು ಕಾದಿದರಂತೆ. ಇಬ್ಬರ ತಾಯಿ ಎರಡೂ ಕಡೆಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದಳಂತೆ. ಆಮೇಲೆ ಗಡಿ ಒಮ್ಮೆ ಈಚೆ ಬಂತು, ಒಮ್ಮೆ ಆಚೆ ಹೋಯಿತು. ಅರ್ಧ ಮನೆತನ ಜರ್ಮನರಾದರು, ಅರ್ಧ ಡೇನರಾದರು. ಕಂದಕದ ಮನೆ ಕೈಬಿಟ್ಟು ಯಾವುದೋ ಕಾಲವಾಯಿತು, ಈಗ ಅದು ಶಾಲೆ. ಫ್ಯಾನಮ್ಮನ ಅಪ್ಪ ದನದ ಡಾಕ್ಟರು. ಮೂರನೆಯ ಮಹಡಿಯ ಸಣ್ಣ ಫ್ಲಾಟಿನಲ್ಲಿ ಅವಳು ಬೆಳೆದದ್ದು.

ಕುಂತಲ್ಲೇ ದೇಶ ಬದಲಾಯಿತು ಎಂದು ಅವಳು ಹೇಳಿದ್ದನ್ನು ನಾನು ಕನ್ನಡಕ್ಕೆ ತಂದಾಗ ಅವ್ವನಿಗೆ ಏನೂ ಸೋಜಿಗವಾಗಲಿಲ್ಲ. "ಅದರಾಗೇನೈತಿ? ನಾವು ಬಳ್ಳಾರಿ ಜಿಲ್ಲೆಯಾಗಿದ್ವಿ. ದಾವಣಗೆರಿ ಅಂದ್ರು. ಮತ್ತ ಬಳ್ಳಾರಿ ಅಂದ್ರು. ಈಗ ವಿಜಯನಗರ ಅಂತಾರ. ನಾ ಈ ಕಟ್ಟಿ ಬಿಟ್ಟು ಎದ್ದೇ ಇಲ್ಲ," ಎಂದಳು. ಇದನ್ನು ನಾನು ತಿರುಗಿ ಹೇಳಿದಾಗ ಫ್ಯಾನಮ್ಮ ಮಂಡಕ್ಕಿ ನೆತ್ತಿಗೇರುವಂತೆ ನಕ್ಕಳು.

ಪುಟ ತಿರುವುತ್ತ ಹೋದಂತೆ ಹೆಸರುಗಳ ಸಾಲು. ಪ್ರತಿ ಹೆಸರಿನ ಮುಂದೆ ಒಂದು ನಕ್ಷತ್ರ, ಆಮೇಲೆ ಒಂದು ಸಣ್ಣ ಗುರುತು. ಅವ್ವ ಆ ಗುರುತಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಏನ್ ಕೂಡಿಸ್ಯಾರ?"

ನಕ್ಷತ್ರ ಹುಟ್ಟಿದ ದಿನಕ್ಕೆ, ಇದು ಕೂಡಿಸುವ ಗುರುತಲ್ಲ, ಶಿಲುಬೆ, ತೀರಿಕೊಂಡ ದಿನ ತೋರಿಸುತ್ತದೆ ಎಂದು ಫ್ಯಾನಮ್ಮ ವಿವರಿಸಿದಳು. ಅವ್ವ "ಕಳಕೊಂಡದ್ದಕ್ಕ ಕೂಡಿಸೋ ಗುರುತು ಹಾಕ್ಯಾರ ನೋಡು," ಎಂದಳು. ಆಮೇಲೆ ಬೆರಳು ಕೆಳಗೆ ಸರಿಯಿತು. ಒಂದು ಕಡೆ ಒಂದರ ಕೆಳಗೊಂದು ಎರಡು ಹೆಸರು ಒಂದೇ ತರಹ ಕಂಡವು. ಓದಲು ಬಾರದ ಲಿಪಿಯಾದರೂ ಎರಡೂ ಒಂದೇ ಎಂದು ಅವ್ವನಿಗೆ ಗೊತ್ತಾಯಿತು. "ಇದು ಕೈತಪ್ಪೇನು?"

ಕೈತಪ್ಪಲ್ಲ. ಆ ಮನೆಯಲ್ಲಿ ಮೊದಲು ಹುಟ್ಟಿದ ಹೆಣ್ಣು ಕೂಸು ಒಂಬತ್ತು ದಿನ ಬದುಕಿತ್ತು. ಎರಡು ವರ್ಷದ ಮೇಲೆ ಹುಟ್ಟಿದ ಹುಡುಗಿಗೆ ಅದೇ ಹೆಸರು ಇಟ್ಟರು. ಹಿಂದೆಲ್ಲ ಅವರಲ್ಲಿ ಹಾಗೆ ಮಾಡುತ್ತಿದ್ದರಂತೆ. ಇಬ್ಬರನ್ನೂ ಬರೆದಿದ್ದಾರೆ, ಒಬ್ಬಳೂ ಬಿಟ್ಟುಹೋಗಿಲ್ಲ.

ನಾನು ಪಾಠ ಹೇಳುವ ದನಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿ ನೋಡಿದರೆ ಅವ್ವ ಅಳುತ್ತಿದ್ದಳು. ದನಿ ಇಲ್ಲದ ಅಳು. ಮಂಡಕ್ಕಿ ತಟ್ಟೆಯನ್ನು ಒಂದು ಕೈಯಲ್ಲಿ ಹಾಗೇ ಹಿಡಿದುಕೊಂಡಿದ್ದಳು.

"ನಾನೂ ಹಂಗ ಮಾಡೀನಿ," ಅಂದಳು.

ನನಗಿಂತ ಮುಂಚೆ ಅವ್ವನಿಗೆ ಒಂದು ಕೂಸು ಹೋಗಿತ್ತು ಎಂಬುದನ್ನು ನಾನು ಕೇಳಿದ್ದೆ. ಹೆಣ್ಣೋ ಗಂಡೋ ಎಂದೂ ವಿಚಾರಿಸಿರಲಿಲ್ಲ. ಚೊಚ್ಚಲು ಹೆರಿಗೆಗೆ ತವರಿಗೆ, ಕೊಟ್ಟೂರಿಗೆ, ಹೋಗಿದ್ದಳು. ಹೆಣ್ಣು ಕೂಸು. ಹನ್ನೊಂದು ದಿನ ಇತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಹೆಸರಿಡಲಿಲ್ಲ ಎಂದು ಎಲ್ಲರೂ ಅಂದುಕೊಂಡರು. ಆದರೆ ಅವ್ವ ಹಾಲು ಕುಡಿಸುವಾಗ ಒಂದು ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಹುಟ್ಟಿ ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ, ಸೋದರತ್ತೆ ಯಾವ ಹೆಸರು ಕೂಗಲಿ ಎಂದು ಕೇಳಿದಾಗ ಅವ್ವ ಅದನ್ನೇ ಹೇಳಿದಳು. ಸತ್ತ ಕೂಸಿನ ಹೆಸರು ಎಂದು ತಿಳಿದರೆ ಯಾರೂ ಇಡಗೊಡುತ್ತಿರಲಿಲ್ಲ. ಅದಕ್ಕೇ ಅಪ್ಪನಿಗೂ ಹೇಳಲಿಲ್ಲ.

"ಹೆಳವ ಓದುವಾಗೆಲ್ಲ ಬಾಗಿಲಿಗೆ ಬಂದು ನಿಲ್ತಿದ್ದೆ," ಎಂದಳು. "ಆಕೀ ಹೆಸರು ಬರೆದಿರೋದಿಲ್ಲ ಅಂತ ಗೊತ್ತು. ಆದ್ರೂ ನಿಲ್ತಿದ್ದೆ."

ಈ ಮಾತಿಗೆ ನಾನು ಅವ್ವನನ್ನು ತಬ್ಬಿಕೊಳ್ಳಬೇಕಿತ್ತು. ನನ್ನ ಸ್ವಭಾವ ಕೆಟ್ಟದ್ದು. ನನಗೆ ಸಿಟ್ಟು ಬಂತು. ಅರವತ್ತೊಂದು ವರ್ಷ ನನ್ನದು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಬರೆದದ್ದು, ಪೆನ್ಷನ್ ಕಾಗದಕ್ಕೆ ಸಹಿ ಮಾಡಿದ್ದು, ಎಲ್ಲ ಇನ್ನೊಬ್ಬರು ಉಟ್ಟು ಬಿಟ್ಟ ಲಂಗದಂತೆ ಅನಿಸಿತು. ಪುಸ್ತಕದಲ್ಲಂತೂ ನಾನಿಲ್ಲ. ಈಗ ಹೆಸರೂ ನನ್ನದಲ್ಲ. ಎದ್ದು ಒಳಗೆ ಹೋದೆ. ಮೂರು ದಿನ ಅವ್ವ ಕರೆದರೆ "ಓ" ಎನ್ನಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಯಿಂದ ಕರೆದಾಗ ಬಾಗಿಲಲ್ಲಿ ನಿಂತು, "ಯಾರನ್ನ ಕರಿಯಾಕತ್ತೀದಿ? ಆಕೀನೋ ನನ್ನೋ?" ಎಂದುಬಿಟ್ಟೆ.

ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಎಂಬತ್ತೆರಡು ವರ್ಷದ ಜೀವ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ನನ್ನ ಮುಖ ನೋಡಿತು. ಬೈಯಲಿಲ್ಲ.

"ಆಕೀಗೆ ಎಡಗಿವಿ ಹಿಂದ ಮಚ್ಚಿ ಇತ್ತು," ಎಂದಳು. "ನೀ ಹುಟ್ಟಿದ ಕೂಡಲೇ ಮೊದಲ ಅದನ್ನ ಹುಡುಕಿದೆ. ಇರಲಿಲ್ಲ. ಅತ್ತುಬಿಟ್ಟೆ. ಅಷ್ಟರಾಗ ನೀ ಅಳಾಕ ಚಾಲೂ ಮಾಡಿದಿ ನೋಡು, ಓಣ್ಯಾನ ಮಂದಿ ಬರಬೇಕು ಹಂಗ. ಆಕಿ ಗಟ್ಟಿಯಾಗಿ ಅತ್ತದ್ದೇ ಇಲ್ಲ. ಇದು ಬ್ಯಾರೆ ಕೂಸು, ಇದು ಉಳಿಯೋ ಕೂಸು ಅಂತ ಅವಾಗ ಗೊತ್ತಾತು."

"ಮತ್ತ ಆಕೀ ಹೆಸರ ಯಾಕ ಇಟ್ಟಿ?"

"ಆಕೀನ ಕರಿಯಾಕ ಯಾರೂ ಇರಲಿಲ್ಲವಾ. ನಿನ್ನ ಕರದಾಗೆಲ್ಲ ಆಕೀನೂ ಒಂದೀಟು ಕರದಂಗ ಆಗ್ತಿತ್ತು."

ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ಮತ್ತೆ ಅಂದಳು: "ಹೆಳವ ಈ ವರ್ಷ ಬರ್ತಾನ. ಆಕಿ ಹೆಸರು ಒಂದ್ಸಲ ಬರಸಬೇಕು. ಮುಂದಿನ ಸಲ ಅಂವಾ ಬರೋ ಹೊತ್ತಿಗೆ ನಾ ಎಲ್ಲಿರ್ತೀನಿ? ನಾ ಹೋದ್ರ ಆಕಿ ಬಂದಿದ್ದು ಯಾರಿಗೂ ಗೊತ್ತಿರೂದಿಲ್ಲ."

ಅವ್ವನ ಕೈಯಲ್ಲಿ ಹಿಟ್ಟು ಹಾಗೇ ಇತ್ತು, ನಾನು ಹೋಗಿ ಅವಳ ಪಕ್ಕ ಕೂತೆ. ಅವ್ವ ಇಷ್ಟು ವರ್ಷ ಒಂದೇ ಉಸಿರಿನಲ್ಲಿ ಇಬ್ಬರನ್ನು ಸಾಕಿದ್ದಳು, ನಾನು ಮೂರು ದಿನ ಒಂದು "ಓ" ಕೊಡಲು ಜಿಪುಣತನ ಮಾಡಿದ್ದೆ. ಉಳಿದ ರೊಟ್ಟಿ ನಾನೇ ತಟ್ಟಿದೆ. ಒಂದೂ ದುಂಡಗೆ ಬರಲಿಲ್ಲ.

ಹೆಳವ ಬಂದದ್ದು ಶೇಂಗಾ ಕೀಳುವ ದಿನಗಳಲ್ಲಿ, ಒಂದು ಬೆಳಿಗ್ಗೆ. ಕನ್ನಡಿಯ ಗಂಟೆ ಓಣಿಯ ತುದಿಯಿಂದಲೇ ಕೇಳಿತು. ಅವ್ವ ಹೊಸ ಸೀರೆ ಉಟ್ಟಳು. ಚಹಾ ಕೊಟ್ಟು, ಅವನು ಗಂಟಿಗೆ ಕೈ ಹಾಕುವ ಮೊದಲೇ ತನ್ನ ಬೇಡಿಕೆ ಇಟ್ಟಳು. ಅವನು ಬಾಯಿ ಚಪ್ಪರಿಸಿದ.

"ಹೆಣ್ಣು ಬರಿಯೋ ಪದ್ಧತಿ ಇಲ್ರೆವಾ. ಅದರಾಗ ತೊಟ್ಟಿಲ ಕಾಣದ್ದು. ಈ ಮನಿ ಹೊಸ್ತಲಾ ದಾಟಿಲ್ಲ. ನಮ್ಮಪ್ಪ ಬರದಿಲ್ಲ, ಅವರಪ್ಪ ಬರದಿಲ್ಲ. ನಾ ಹೆಂಗ ಬರೀಲಿ?"

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕೈ ಒದ್ದೆಯೇ ಇರಲಿಲ್ಲ. ಅದನ್ನು ನೋಡಿದ್ದೇ ನನ್ನ ಪಿತ್ತ ನೆತ್ತಿಗೇರಿತು. ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದ ಫ್ಯಾನಮ್ಮನನ್ನು ಕೈ ಹಿಡಿದು ನಿಲ್ಲಿಸಿ, ಆ ಪುಟ ತೆಗೆಸಿ, ಟ್ಯಾಬನ್ನು ಹೆಳವನ ಮೂಗಿನ ಮುಂದೆ ಹಿಡಿದೆ. ಇವರ ಮನೆತನವೂ ಹಳೆಯದು, ಹದಿನೈದು ತಲೆಮಾರು ಇದೆ, ಇದು ಅವರ ವಂಶಾವಳಿ, ಇಗೋ ಒಂಬತ್ತು ದಿನದ ಹೆಣ್ಣು ಕೂಸು, ಇಗೋ ಅದರ ತಂಗಿ ಎಂದು ಬೆರಳಿಟ್ಟು ತೋರಿಸಿದೆ.

ಅವನು ಟ್ಯಾಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೆರಳಿಂದ ಮೇಲೆ ಸರಿಸಿದ, ಕೆಳಗೆ ಸರಿಸಿದ. ಆಮೇಲೆ ಫ್ಯಾನಮ್ಮನನ್ನೇ ನೇರವಾಗಿ ಕೇಳಿದ.

"ನಿಮ್ಮ ಹೆಳವ ಯಾರ್ರಿ?"

ನಾನು ತರ್ಜುಮೆ ಮಾಡಿದೆ. ಅವಳು ದೊಡ್ಡಜ್ಜ ಎಂದಳು. ದೊಡ್ಡಜ್ಜನೇ ಹೆಳವ ಎಂಬುದು ಇವನಿಗೆ ಸರಿಬರಲಿಲ್ಲ. ಮನೆಯವರೇ ಬರೆದುಕೊಂಡರೆ ಬೇಕಾದ್ದು ಬರೆಯುತ್ತಾರೆ, ಬೇಡದ್ದು ಬಿಡುತ್ತಾರೆ, ಅದಕ್ಕೇ ಹೊರಗಿನವರಾದ ತಾವು ಇರುವುದು ಎಂದ. ಆದರೆ ಕಣ್ಣು ಮಾತ್ರ ಆ ಎರಡು ಸಾಲು ಬಿಟ್ಟು ಏಳಲಿಲ್ಲ.

"ಒಂಬತ್ತ ದಿನದ ಕೂಸು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಅದನ್ನೂ ಬಿಟ್ಟಿಲ್ಲ ಆ ಮಗ." ಕಸುಬಿನವನಿಗೆ ಕಸುಬಿನವನ ಮೇಲೆ ಹುಟ್ಟುವ ಹೊಟ್ಟೆಕಿಚ್ಚನ್ನು ನಾನು ಟೀಚರುಗಳಲ್ಲಿ ಸಾಕಷ್ಟು ನೋಡಿದ್ದೇನೆ, ಹಾಗಾಗಿ ಸುಮ್ಮನೆ ಕಾದೆ. ಅವನು ಟ್ಯಾಬನ್ನು ವಾಪಸು ಕೊಟ್ಟು ಪೆನ್ನಿನ ಮುಚ್ಚಳ ತೆಗೆದ. "ಪದ್ಧತಿ ಇಲ್ಲ ಅನ್ನೂದು ಬ್ಯಾರೆ. ನಮಗ ಬರಿಯಾಕ ಬರೂದಿಲ್ಲ ಅಂತ ಯಾರೂ ಅನ್ನಬಾರದು. ಹೆಸರು ಹೇಳ್ರೆವಾ."

ಅವ್ವ ಹೇಳಿದಳು. ಅವನು ಬರೆದ. ಹಿರಿಯಳನ್ನು ಬರೆದ ಮೇಲೆ ಕಿರಿಯಳನ್ನು ಬಿಡಲು ಬರುವುದಿಲ್ಲ ಎಂದು ತಾನೇ ಹೇಳಿ, ನನ್ನತ್ತ ತಿರುಗಿ ನಿನ್ನ ಹೆಸರೇನು ಎಂದ. ಹೇಳಿದೆ. ಅವನ ಪೆನ್ನು ನಿಂತಿತು.

"ಎರಡೂ ಒಂದ ಆದ್ರ ಮುಂದ ಓದೋರು ನನ್ನ ಕೈತಪ್ಪು ಅಂತಾರ್ರಿ."

"ಹಿರೇಕಿ, ಕಿರೇಕಿ ಅಂತ ಬರೀರಿ," ಅವ್ವ ಅಂದಳು. ಎಲ್ಲವನ್ನೂ ಮೊದಲೇ ಯೋಚಿಸಿ ಇಟ್ಟುಕೊಂಡಂತಿತ್ತು. "ಹಿರೇಕಿ ಮುಂದ ಒಂದ ಕೂಡಿಸೋ ಗುರುತು ಹಾಕ್ರಿ."

ಅವನಿಗೆ ಅರ್ಥವಾಗಲಿಲ್ಲ, ಆದರೂ ಹಾಕಿದ. ಫ್ಯಾನಮ್ಮನಿಗೆ ಯಾವ ತರ್ಜುಮೆಯೂ ಬೇಕಾಗಲಿಲ್ಲ. ಆ ಗುರುತು ಕಂಡ ಕೂಡಲೇ ಮುಖ ಆಚೆ ತಿರುಗಿಸಿ ಓಣಿಯನ್ನು ನೋಡುತ್ತ ನಿಂತಳು. ಕೆಲಸಕ್ಕೆ ಒಯ್ಯುವ ಜೀಪು ಬಂದು ಹಾರ್ನ್ ಮಾಡಿದರೂ ಹೋಗಲಿಲ್ಲ.

ಬರೆದ ಮೇಲೆ ಮೊದಲಿನಿಂದ ಓದಿ ಕೇಳಿಸುವುದು ಹೆಳವನ ಕ್ರಮ. ಶಾಯಿ ಆರಲೆಂದು ಊದಿ, ಗಂಟಲು ಸರಿಮಾಡಿಕೊಂಡು ಅವನು ರಾಗ ಎತ್ತಿದ. ಮೂಲಪುರುಷ ಬಂದ, ಕುದುರೆ ಸರದಾರರು ಬಂದರು, ಅಜ್ಜ ಬಂದ. ಅಪ್ಪನ ಹೆಸರು ಬಂತು. ಅವ್ವ ಈ ಸಲ ಬಾಗಿಲಿಗೆ ಬಂದು ನಿಲ್ಲಬೇಕಾಗಿರಲಿಲ್ಲ. ಕಟ್ಟೆಯ ಮೇಲೆ ನನಗೆ ತಾಗಿ ಕೂತಿದ್ದಳು.

"ಇವರಿಗೆ ಕೊಟ್ಟೂರಿಂದ ತಂದ ಹೆಣ್ಣು. ಈಕಿ ಹೊಟ್ಟೀಲೆ ಹುಟ್ಟಿದಾಕಿ ಹಿರೇ ಮಗಳು..." ಎಂದು ಎಳೆದು, ಹೆಳವ ಹೆಸರು ಕೂಗಿದ.

"ಓ," ಎಂದೆ ನಾನು. ಅರವತ್ತೊಂದು ವರ್ಷದ ರೂಢಿ, ಬಾಯಿಂದ ಬಂದುಬಿಟ್ಟಿತು.

ಅವ್ವ ನನ್ನ ಕೈಮೇಲೆ ಕೈ ಇಟ್ಟಳು.

"ನಿನ್ನಲ್ಲ," ಅಂದಳು. "ತಡಿ, ನಿನ್ನ ಈಗ ಕರೀತಾರ."